ಸೈಕಲ್ ತುಳಿಯುವಾಗ ಮಂಡಿ ನೋಯದಂತೆ ಸೀಟು, ಪೆಡಲ್ ಹೊಂದಿಸುವುದು ಹೇಗೆ?

ಹೊಸ ಸೈಕಲ್ ಕೊಳ್ಳುವಾಗ ಅಂಗಡಿಯವರು ಮೊದಲು ಹೇಳುವ ಮಾತು ಒಂದೇ: "ಕೂತ್ಕೊಂಡು ಕಾಲು ನೆಲಕ್ಕೆ ಸಿಗುತ್ತಾ ನೋಡಿ." ಎರಡೂ ಪಾದ ಆರಾಮಾಗಿ ಊರಿದರೆ ಸೀಟು ಸರಿಯಾಗಿದೆ ಅಂತ ಲೆಕ್ಕ. ನಮ್ಮಲ್ಲಿ ಎಷ್ಟೋ ಜನರ ಮಂಡಿನೋವು ಶುರುವಾಗುವುದೇ ಇಲ್ಲಿಂದ. ಪೆಡಲ್ ತೀರಾ ಕೆಳಗೆ ಬಂದಾಗಲೂ ನೆಲದಿಂದ ಸುಮಾರು 10 ಸೆಂ.ಮೀ. ಮೇಲೆಯೇ ಇರುತ್ತದೆ. ಹಾಗಾಗಿ ನೆಲಕ್ಕೆ ಪೂರ್ತಿ ಪಾದ ಊರುವಂತೆ ಸೀಟು ಇಟ್ಟರೆ, ತುಳಿಯುವಾಗ ಕಾಲು ಯಾವತ್ತೂ ಪೂರ್ತಿ ಚಾಚುವುದಿಲ್ಲ. ಮಂಡಿ ಮಡಚಿಕೊಂಡೇ ಭಾರ ಹೊರುತ್ತದೆ.

ಸೀಟಿನ ಎತ್ತರವನ್ನು ಪೆಡಲಿನಿಂದ ಅಳೆಯಬೇಕು, ನೆಲದಿಂದ ಅಲ್ಲ. ಇದೊಂದನ್ನು ಸರಿ ಮಾಡಿಕೊಂಡರೆ ಬಹಳ ಜನಕ್ಕೆ ಅರ್ಧ ಕೆಲಸ ಮುಗಿದಂತೆ. ನಿಮಿಷಕ್ಕೆ 80 ಸುತ್ತಿನಂತೆ ಒಂದು ಗಂಟೆ ತುಳಿದರೆ ಒಂದೊಂದು ಮಂಡಿಯೂ 4,800 ಸಲ ಮಡಚಿ ಬಿಡಿಸಿಕೊಳ್ಳುತ್ತದೆ. ಅಷ್ಟು ಸಲ ಆಗುವ ಕೆಲಸದಲ್ಲಿ ಒಂದು ಸೆಂಟಿಮೀಟರ್ ತಪ್ಪಿದ್ದರೂ ಅದು ನೋವಾಗಿ ಹೊರಗೆ ಬರುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಅಲನ್ ಕೀ ಸೆಟ್ (ಹಳೇ ಮಾದರಿ ಸೈಕಲ್ ಆದರೆ ಸ್ಪ್ಯಾನರ್), ಅಳತೆ ಟೇಪು, ರಟ್ಟಿನ ಹೊದಿಕೆಯ ದಪ್ಪ ಪುಸ್ತಕ, ದಾರ, ಭಾರಕ್ಕೆ ಒಂದು ನಟ್, ವಿಡಿಯೊ ಮಾಡಲು ಫೋನು. ಜೊತೆಗೆ ಒಂದಷ್ಟು ಸ್ಟಿಕರ್ ಬಿಂದಿ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು, ನೋವು ಎಲ್ಲಿದೆ?

ಮಂಡಿಯ ಯಾವ ಭಾಗ ನೋಯುತ್ತಿದೆ ಅನ್ನುವುದೇ ಅರ್ಧ ಉತ್ತರ. ಮಂಡಿಚಿಪ್ಪಿನ ಸುತ್ತ, ಅಂದರೆ ಮುಂದೆ ನೋವಿದ್ದರೆ ಸೀಟು ತಗ್ಗಾಗಿರುವ ಅಥವಾ ತುಂಬಾ ಮುಂದೆ ಇರುವ ಸಾಧ್ಯತೆ ಜಾಸ್ತಿ. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತಿ ಒತ್ತಿ ತುಳಿಯುವವರಿಗೂ ಇದೇ ಜಾಗ ನೋಯುತ್ತದೆ. ಮಂಡಿ ಹೆಚ್ಚು ಮಡಚಿದಷ್ಟೂ ಚಿಪ್ಪು ತೊಡೆಮೂಳೆಯ ಮೇಲೆ ಜೋರಾಗಿ ಒತ್ತಿಕೊಳ್ಳುತ್ತದೆ, ಅದರ ಮೇಲೆ ಬಲ ಹಾಕಿದರೆ ಕೇಳಲೇಬೇಡಿ.

ಮಂಡಿಯ ಹಿಂಭಾಗ ಎಳೆದಂತೆ ನೋಯುತ್ತಿದ್ದರೆ ಅದು ಉಲ್ಟಾ ಕಥೆ. ಸೀಟು ಎತ್ತರ ಜಾಸ್ತಿಯಾಗಿದೆ, ಅಥವಾ ತುಂಬಾ ಹಿಂದಿದೆ. ಹೊರಬದಿಯಲ್ಲಿ ಚುಚ್ಚಿದಂತೆ ಆಗುತ್ತಿದ್ದರೆ ಸೊಂಟದಿಂದ ಮಂಡಿಯ ಹೊರಬದಿಗೆ ಇಳಿಯುವ ಉದ್ದನೆಯ ಪಟ್ಟಿಯಂಥ ಅಂಗಾಂಶ ಉಜ್ಜಿಕೊಳ್ಳುತ್ತಿರಬಹುದು. ಎತ್ತರ ಜಾಸ್ತಿಯಿದ್ದಾಗ, ಪಾದವನ್ನು ಒಳಕ್ಕೆ ತಿರುಗಿಸಿ ಕಟ್ಟಿಹಾಕಿದಂತೆ ತುಳಿಯುವಾಗ ಇದು ಕಾಣಿಸಿಕೊಳ್ಳುತ್ತದೆ. ಒಳಬದಿಯ ನೋವಿಗೆ ಪಾದದ ಕೋನ, ಎರಡು ಪೆಡಲ್‌ಗಳ ನಡುವಿನ ಅಗಲ, ಇಲ್ಲಾ ಮಂಡಿ ಒಳಕ್ಕೆ ವಾಲುವುದು ಕಾರಣ ಇರಬಹುದು.

ಇವೆಲ್ಲ ಸುಳಿವುಗಳು ಮಾತ್ರ. ಹುಡುಕುವುದನ್ನು ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತವೆ, ಅಷ್ಟೇ.

ಸೀಟು ಮುಟ್ಟುವ ಮೊದಲು ಪೆಡಲ್ ನೋಡಿ

ನಮ್ಮ ಬೀದಿಯ ಪಿಯುಸಿ ಹುಡುಗನೊಬ್ಬನಿಗೆ ಬಲ ಮಂಡಿ ಮಾತ್ರ ನೋಯುತ್ತಿತ್ತು. ಸೀಟು ಸರಿಯಾಗಿಯೇ ಇತ್ತು. ಸೈಕಲ್ ಎತ್ತಿ ಹಿಡಿದು ಕ್ರ್ಯಾಂಕನ್ನು, ಅಂದರೆ ಪೆಡಲ್ ಕೂರಿಸಿರುವ ತೋಳನ್ನು, ನಿಧಾನವಾಗಿ ತಿರುಗಿಸಿದಾಗ ವಿಷಯ ಗೊತ್ತಾಯಿತು. ಬಲ ಪೆಡಲ್ ಒಂದೊಂದು ಸುತ್ತಿಗೂ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ವಾಲುತ್ತಿತ್ತು. ಯಾವಾಗಲೋ ಬಿದ್ದಾಗ ಅದರ ಆಕ್ಸಲ್ (ಪೆಡಲ್ ತಿರುಗುವ ನಡುವಿನ ಸಲಾಕೆ) ಬಗ್ಗಿತ್ತು. ಪಾದ ಪ್ರತಿ ಸುತ್ತಿನಲ್ಲೂ ತಿರುಚಿಕೊಂಡರೆ ಅದರ ಪೆಟ್ಟು ಹೋಗುವುದು ಮಂಡಿಗೆ. ಪೆಡಲ್ ಬದಲಿಸಿದ ಮೇಲೆ ನೋವು ಹೋಯಿತು.

ಆದ್ದರಿಂದ ನೀವೂ ಮೊದಲು ಇದನ್ನೇ ಮಾಡಿ. ಹಿಂದಿನಿಂದ ಬಗ್ಗಿ ನೋಡುತ್ತಾ ಪೆಡಲ್ ತಿರುಗಿಸಿ. ವಾಲುತ್ತಿದೆಯಾ? ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆಯಾ? ಹಳೇ ಸೈಕಲ್ ಆದರೆ ಕ್ರ್ಯಾಂಕನ್ನು ಬಿಗಿಯಾಗಿ ಹಿಡಿದಿಡುವ ಕಾಟರ್ ಪಿನ್ ಸವೆದು, ಪ್ರತಿ ಸುತ್ತಿಗೂ "ಟಕ್" ಅಂತ ಕಾಲಿಗೆ ತಗಲುತ್ತಿರುತ್ತದೆ. ಇದನ್ನೆಲ್ಲ ಸರಿಪಡಿಸದೆ ಸೀಟು ಏರಿಸಿ ಇಳಿಸಿ ಏನೂ ಪ್ರಯೋಜನವಿಲ್ಲ. ಪೆಡಲ್ ನೀವೇ ಬದಲಿಸುವುದಾದರೆ ಒಂದು ಮಾತು ನೆನಪಿರಲಿ: ಎಡ ಪೆಡಲಿನ ಮರೆ (ಥ್ರೆಡ್) ಉಲ್ಟಾ. ಬಿಚ್ಚಲು ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು.

ಸೀಟಿನ ಎತ್ತರ

ಸುಲಭದ ದಾರಿ ಹಿಮ್ಮಡಿಯದು. ಸೈಕಲನ್ನು ಗೋಡೆ ಪಕ್ಕ ನಿಲ್ಲಿಸಿ, ಗೋಡೆಗೆ ಕೈ ಕೊಟ್ಟು ಸೀಟಿನ ಮೇಲೆ ನೇರವಾಗಿ ಕೂರಿ. ದಿನಾ ಹಾಕುವ ಶೂ ಕಾಲಲ್ಲಿರಲಿ. ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ಪಕ್ಕಕ್ಕೆ ವಾಲದೆ, ಕಾಲು ಸೆಟೆದು ನೇರ ಆಗಬೇಕು. ಮಂಡಿ ಮಡಚಿಯೇ ಇದ್ದರೆ ಸೀಟು ಏರಿಸಿ. ಹಿಮ್ಮಡಿ ಎಟುಕದೆ ಸೊಂಟ ವಾಲಿದರೆ ಇಳಿಸಿ. ಆಮೇಲೆ ಪಾದದ ಮುಂದಿನ ಉಬ್ಬನ್ನು, ಅಂದರೆ ಹೆಬ್ಬೆರಳಿನ ಬುಡದ ಗಂಟಿನ ಜಾಗವನ್ನು ಪೆಡಲ್ ಮೇಲಿಟ್ಟರೆ ಮಂಡಿ ತಾನಾಗಿಯೇ ಸ್ವಲ್ಪ ಮಡಚಿಕೊಳ್ಳುತ್ತದೆ. ಬೇಕಾಗಿರುವುದು ಅದೇ.

ಇನ್ನೂ ನಿಖರವಾಗಿ ಬೇಕೆಂದರೆ ಒಳಗಾಲು ಅಳೆಯಿರಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಪಾದಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರ ಬಿಡಿ. ದಪ್ಪ ಪುಸ್ತಕವನ್ನು ತೊಡೆಸಂದಿಗೆ ಒತ್ತಿ ಹಿಡಿಯಿರಿ. ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಒತ್ತಬೇಕು, ಮೆಲ್ಲಗೆ ಹಿಡಿದರೆ ಅಳತೆ ತಪ್ಪುತ್ತದೆ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಅಳೆಯಲು ಮನೆಯಲ್ಲಿ ಯಾರನ್ನಾದರೂ ಕರೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿ. ಬಂದ ಸಂಖ್ಯೆಯೇ ಕ್ರ್ಯಾಂಕ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ದೂರ. ಒಳಗಾಲು 80 ಸೆಂ.ಮೀ. ಇದ್ದರೆ 70.6 ಸೆಂ.ಮೀ. ಮೂರು ಸಲ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಲ್ಲಿ ಈ ಲೆಕ್ಕ ಪ್ರಸಿದ್ಧ.

ಇನ್ನೊಂದು ಲೆಕ್ಕ 1967ರ ಹ್ಯಾಮ್ಲಿ ಮತ್ತು ಥಾಮಸ್ ಅವರ ಅಧ್ಯಯನದ್ದು. ಒಳಗಾಲಿನ 109 ಶೇಕಡಾ, ಆದರೆ ಅಳತೆ ಕೆಳಗಿರುವ ಪೆಡಲಿನ ಆಕ್ಸಲಿನಿಂದ. ಅದೇ 80 ಸೆಂ.ಮೀ. ಕಾಲಿಗೆ 87.2 ಸೆಂ.ಮೀ. ಆಗುತ್ತದೆ. 17 ಸೆಂ.ಮೀ. ಕ್ರ್ಯಾಂಕ್ ಕಳೆದರೆ 70.2. ಎರಡೂ ಹತ್ತಿರ ಹತ್ತಿರವೇ ಇವೆ, ನೋಡಿ. ಆದರೆ ಇವು ಮಂಡಿಯ ಆರಾಮ ನೋಡಿ ಬಂದ ಲೆಕ್ಕಗಳಲ್ಲ, ವೇಗ ಮತ್ತು ಬಲ ನೋಡಿ ಬಂದವು. ಇಬ್ಬರ ಒಳಗಾಲು ಒಂದೇ ಇದ್ದರೂ ತೊಡೆ, ಮೀನಖಂಡ, ಪಾದದ ಉದ್ದ ಬೇರೆ ಬೇರೆ ಇರುತ್ತವೆ. ಹಾಗಾಗಿ ಸಂಖ್ಯೆಯನ್ನು ಶುರು ಮಾಡಲು ಇಟ್ಟುಕೊಳ್ಳಿ, ತೀರ್ಮಾನವನ್ನು ಮಂಡಿಯ ಕೋನಕ್ಕೆ ಬಿಡಿ.

ಬಿಂದಿ ಬೇಕಾಗುವುದು ಇಲ್ಲೇ. ಮೂರು ಬಿಂದಿ ತಗೊಳ್ಳಿ. ಒಂದನ್ನು ಸೊಂಟದ ಪಕ್ಕ, ಕಾಲು ಆಡಿಸಿದಾಗ ಕೈಗೆ ಸಿಗುವ ಮೂಳೆಯ ಉಬ್ಬಿನ ಮೇಲೆ ಅಂಟಿಸಿ. ಎರಡನೆಯದು ಮಂಡಿಯ ಹೊರಬದಿಯ ನಡುವೆ. ಮೂರನೆಯದು ಪಾದದ ಕೀಲಿನ ಹೊರಗಂಟಿನ ಮೇಲೆ. ಪಕ್ಕದಲ್ಲಿ, ಮಂಡಿಯ ಎತ್ತರಕ್ಕೆ ಫೋನ್ ಹಿಡಿಸಿ ಚಿತ್ರ ತೆಗೆಸಿ. ಪೆಡಲ್ ತೀರಾ ಕೆಳಗಿದ್ದಾಗ ಮೂರು ಬಿಂದಿ ಸೇರಿಸಿ ಗೆರೆ ಎಳೆದರೆ ಕೋನ ಸಿಗುತ್ತದೆ. ಮಕ್ಕಳ ಕೋನಮಾಪಕವನ್ನು ಫೋನಿನ ಪರದೆ ಮೇಲೆ ಇಟ್ಟರೂ ಸಾಕು. ಪೂರ್ತಿ ನೇರ ಕಾಲಿಗಿಂತ ಮಂಡಿ 25ರಿಂದ 35 ಡಿಗ್ರಿ ಮಡಚಿರಬೇಕು. ಇದು ನಿಂತ ಸೈಕಲ್ ಮೇಲಿನ ಅಳತೆ. ತುಳಿಯುತ್ತಿರುವಾಗಿನ ವಿಡಿಯೊದಲ್ಲಿ ಕೆಲವು ಡಿಗ್ರಿ ಜಾಸ್ತಿ ಬರುವುದು ಸಹಜ. ಮುಂದೆ ನೋವಿರುವವರು 25ರ ಕಡೆಗೆ, ಹಿಂದೆ ನೋವಿರುವವರು 35ರ ಕಡೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಸೀಟು ತುಂಬಾ ತಗ್ಗಾಗಿದ್ದರೆ ಒಂದೇ ದಿನ ಐದು ಸೆಂಟಿಮೀಟರ್ ಏರಿಸಬೇಡಿ. ಸ್ನಾಯುಗಳು ಹಳೇ ಅಳತೆಗೆ ಒಗ್ಗಿರುತ್ತವೆ. ಅರ್ಧ ಸೆಂಟಿಮೀಟರ್ ಏರಿಸಿ, ಎರಡು ಮೂರು ಸವಾರಿ ಮಾಡಿ, ಮತ್ತೆ ಏರಿಸಿ. ಸೀಟ್ ಪೋಸ್ಟಿನ (ಸೀಟು ಕೂರಿಸಿರುವ ಕೊಳವೆಯ) ಮೇಲೆ ಇಷ್ಟಕ್ಕಿಂತ ಹೊರಗೆ ಎಳೆಯಬಾರದು ಅನ್ನುವ ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣಬಾರದು. ಅದಕ್ಕಿಂತ ಎತ್ತರ ಬೇಕಾದರೆ ಅದೇ ದಪ್ಪದ ಉದ್ದ ಪೋಸ್ಟ್ ಹಾಕಿಸಿ. ದಪ್ಪ ಎಷ್ಟು ಅಂತ ಅದರ ಮೇಲೆಯೇ ಕೊರೆದಿರುತ್ತದೆ, 25.4, 27.2, 31.6 ಮಿ.ಮೀ. ಹೀಗೆ.

ಮಕ್ಕಳಿರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಿ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರದ ಸೈಕಲ್ ಕೊಡಲು ಶುರುವಾಯಿತು. ಎಂಟರಿಂದ ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಮಕ್ಕಳು ಸರ್ರನೆ ಉದ್ದವಾಗುತ್ತಾರೆ. ಸೀಟು ಮಾತ್ರ ಮೊದಲ ದಿನ ಎಲ್ಲಿತ್ತೋ ಅಲ್ಲೇ ಇರುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಹಿಮ್ಮಡಿ ಪರೀಕ್ಷೆ ಮಾಡಿಸಿ, ಎರಡು ನಿಮಿಷದ ಕೆಲಸ.

"ಅಷ್ಟು ಎತ್ತರದಿಂದ ಸಿಗ್ನಲ್‌ನಲ್ಲಿ ಇಳಿಯೋದು ಹೇಗೆ?"

ಸರಿಯಾದ ಎತ್ತರಕ್ಕೆ ಸೀಟು ಏರಿಸಿ ಕೊಟ್ಟರೂ ಜನ ಮಾರನೇ ದಿನ ಇಳಿಸಿಬಿಡುತ್ತಾರೆ. ಭಯ ನಿಜವಾದದ್ದು. ಪಕ್ಕದಲ್ಲಿ ಬಸ್ಸು ನಿಂತಿರುವಾಗ ಕಾಲು ನೆಲಕ್ಕೆ ಸಿಗದಿದ್ದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಪರಿಹಾರ ಸೀಟು ಇಳಿಸುವುದರಲ್ಲಿಲ್ಲ, ಹತ್ತಿ ಇಳಿಯುವ ರೀತಿ ಬದಲಿಸುವುದರಲ್ಲಿದೆ.

ನಿಲ್ಲುವಾಗ: ಬ್ರೇಕ್ ಹಿಡಿಯುತ್ತಾ ಬಲ ಪೆಡಲನ್ನು ಕೆಳಗೆ ತನ್ನಿ. ಆ ಕಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ಎದ್ದು ಮುಂದಕ್ಕೆ ಜಾರಿ. ಸೈಕಲ್ ನಿಲ್ಲುತ್ತಿದ್ದಂತೆ ಸ್ವಲ್ಪ ಎಡಕ್ಕೆ ವಾಲಿಸಿ ಎಡಗಾಲನ್ನು ನೆಲಕ್ಕೆ ಊರಿ. ಅಂದರೆ ನೀವು ನಿಲ್ಲುವುದು ಸೀಟಿನ ಮುಂದೆ, ಫ್ರೇಮಿನ ಎರಡೂ ಕಡೆ ಕಾಲು ಹಾಕಿಕೊಂಡು.

ಹೊರಡುವಾಗ: ಹಾಗೇ ನಿಂತುಕೊಂಡು ಬಲ ಪೆಡಲನ್ನು ಗಡಿಯಾರದ ಎರಡು ಗಂಟೆಯ ಜಾಗಕ್ಕೆ ತಂದಿಡಿ. ಅದನ್ನು ಒತ್ತಿ ನಿಂತರೆ ಸೈಕಲ್ ಮುಂದೆ ಹೋಗುತ್ತದೆ, ನೀವೂ ಮೇಲೇಳುತ್ತೀರಿ. ಆಗ ಹಿಂದಕ್ಕೆ ಸರಿದು ಕೂರಿ. ಖಾಲಿ ಮೈದಾನದಲ್ಲಿ ಒಂದು ಸಂಜೆ ಅಭ್ಯಾಸ ಮಾಡಿ. ಸೀರೆ, ಚೂಡಿದಾರ್ ಹಾಕಿ ಓಡಾಡುವವರಿಗೆ ಅಡ್ಡಪಟ್ಟಿ ತಗ್ಗಾಗಿರುವ ಲೇಡೀಸ್ ಫ್ರೇಮ್ ಇನ್ನೂ ಸುಲಭ. ಅಭ್ಯಾಸ ಆಗುವವರೆಗೆ ಸರಿಯಾದ ಎತ್ತರಕ್ಕಿಂತ ಎರಡು ಸೆಂಟಿಮೀಟರ್ ತಗ್ಗಿರಲಿ, ತೊಂದರೆಯಿಲ್ಲ. ಆದರೆ ಅಲ್ಲೇ ನಿಂತುಬಿಡಬೇಡಿ.

ಸೀಟು ಹಿಂದೆ ಮುಂದೆ

ಎತ್ತರ ಸರಿಯಾದ ಮೇಲೆಯೇ ಇದಕ್ಕೆ ಕೈ ಹಾಕಿ. ಎರಡೂ ಪೆಡಲ್ ನೆಲದಿಂದ ಒಂದೇ ಎತ್ತರದಲ್ಲಿ ಇರುವಂತೆ ಕ್ರ್ಯಾಂಕ್ ನಿಲ್ಲಿಸಿ. ಮುಂದಿರುವ ಕಾಲಿನ ಮಂಡಿಚಿಪ್ಪಿನ ಕೆಳಗಿನ ಗಂಟಿನಿಂದ ನಟ್ ಕಟ್ಟಿದ ದಾರ ಇಳಿಬಿಡಿ. ಅದು ಪೆಡಲಿನ ಆಕ್ಸಲ್ ಮೇಲೆ ಹಾದುಹೋದರೆ ಶುರು ಮಾಡಲು ಒಳ್ಳೆಯ ಜಾಗ. ಇದು ನಿಯಮ ಅಂತ ಹಿಡಿದು ಕೂರಬೇಡಿ. ಮಂಡಿಯ ಮುಂಭಾಗ ನೋಯುವವರು ದಾರ ಆಕ್ಸಲ್‌ಗಿಂತ ಒಂದು ಸೆಂಟಿಮೀಟರ್ ಹಿಂದೆ ಬೀಳುವಂತೆ ಸೀಟು ಹಿಂದಕ್ಕೆ ಸರಿಸಿದರೆ ಹೆಚ್ಚಾಗಿ ಹಗುರಾಗುತ್ತದೆ.

ಸೀಟಿನ ಕೆಳಗಿನ ಬೋಲ್ಟ್ ಸಡಿಲಿಸಿ ಅರ್ಧ ಸೆಂಟಿಮೀಟರ್ ಮಾತ್ರ ಸರಿಸಿ. ಒಂದು ಸೆಂಟಿಮೀಟರ್ ಹಿಂದೆ ಹೋದರೆ ಕಾಲಿನ ಲೆಕ್ಕಕ್ಕೆ ಸೀಟು ಸುಮಾರು ಮೂರು ಮಿ.ಮೀ. ಎತ್ತರವಾದಂತೆ, ಅಷ್ಟನ್ನು ಇಳಿಸಿಕೊಳ್ಳಿ. ಹ್ಯಾಂಡಲ್ ದೂರ ಅನ್ನಿಸುತ್ತದೆ ಅಂತ ಸೀಟನ್ನು ಮುಂದಕ್ಕೆ ಎಳೆಯುವ ಅಭ್ಯಾಸ ಬಹಳ ಜನಕ್ಕಿದೆ. ಬೆನ್ನಿಗೆ ಸುಖವಾಗಿ ಮಂಡಿಗೆ ಕಷ್ಟ ಬರುತ್ತದೆ. ಹ್ಯಾಂಡಲ್ ದೂರವಿದ್ದರೆ ಚಿಕ್ಕ ಸ್ಟೆಮ್ (ಹ್ಯಾಂಡಲನ್ನು ಸೈಕಲಿಗೆ ಜೋಡಿಸುವ ತುಂಡು) ಹಾಕಿಸಬೇಕು. ಸೀಟು ಸಮತಟ್ಟಾಗಿರಲಿ. ಮೂತಿ ಕೆಳಗಾದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ.

ಪಾದ ಮತ್ತು ಕ್ಲೀಟ್

ಸಾದಾ ಪೆಡಲ್ ಇರುವವರಿಗೆ ಒಂದು ಅನುಕೂಲ ಇದೆ. ಪಾದ ತನಗೆ ಬೇಕಾದ ಕಡೆ ತಿರುಗಿಕೊಳ್ಳುತ್ತದೆ. ಅದನ್ನು ಬಲವಂತವಾಗಿ ನೇರ ಮಾಡಬೇಡಿ. ಪಾದದ ಉಬ್ಬು ಆಕ್ಸಲ್ ಮೇಲೆ, ಅಥವಾ ಆಕ್ಸಲ್‌ಗಿಂತ ಒಂದು ಚೂರು ಮುಂದೆ ಇದ್ದರೆ ಸಾಕು. ಪಾದದ ನಡುಭಾಗದಿಂದ ತುಳಿಯುವುದೇ ರೂಢಿಯಾಗಿದ್ದರೆ ಸೀಟು ಇನ್ನೊಂದಿಷ್ಟು ತಗ್ಗಿರಬೇಕಾಗುತ್ತದೆ. ಹವಾಯಿ ಚಪ್ಪಲಿಯಲ್ಲಿ ದೂರ ಹೋಗಬೇಡಿ. ಪಾದ ಜಾರಿದಾಗೆಲ್ಲ ಅದನ್ನು ಹಿಡಿದಿಡುವ ಕೆಲಸ ಮಂಡಿಯ ಮೇಲೆ ಬೀಳುತ್ತದೆ. ಗಟ್ಟಿ ಅಟ್ಟೆಯ ಶೂ ಬಹಳ ವಾಸಿ.

ಕ್ಲೀಟ್, ಅಂದರೆ ಶೂವನ್ನು ಪೆಡಲಿಗೆ ಸಿಕ್ಕಿಸಲು ಅಟ್ಟೆಯ ಅಡಿಗೆ ಕೂರಿಸುವ ಕೊಕ್ಕೆ, ಹಾಕುವವರಿಗೆ ಆ ಸ್ವಾತಂತ್ರ್ಯ ಇಲ್ಲ, ಅಳತೆಯನ್ನು ನೀವೇ ಸರಿಯಾಗಿ ಕೊಡಬೇಕು. ಮೇಜಿನ ಅಂಚಿನಲ್ಲಿ ಕೂತು ಕಾಲು ಇಳಿಬಿಡಿ. ಪಾದಗಳು ತಾವಾಗಿಯೇ ಎಷ್ಟು ಹೊರಕ್ಕೆ ತಿರುಗಿವೆ ನೋಡಿ. ಎಡ ಬಲ ಒಂದೇ ತರ ಇರಬೇಕಾಗಿಲ್ಲ. ಕ್ಲೀಟನ್ನು ಆ ಕೋನಕ್ಕೆ ಹೊಂದಿಸಿ. ಬಿಚ್ಚುವ ಮೊದಲು ಪೆನ್ನಿನಿಂದ ಅದರ ಸುತ್ತ ಗೆರೆ ಹಾಕಿ, ಬೇಡವೆನಿಸಿದರೆ ವಾಪಸ್ ಹೋಗಲು ದಾರಿ ಇರುತ್ತದೆ.

ಪಾದ ಎಷ್ಟು ಆಡಬಹುದು ಅನ್ನುವುದು ಕ್ಲೀಟಿನ ಬಣ್ಣದಿಂದ ಗೊತ್ತಾಗುತ್ತದೆ. ಶಿಮಾನೊ ಕಂಪನಿಯ ರೋಡ್ ಕ್ಲೀಟಿನಲ್ಲಿ ಹಳದಿ 6 ಡಿಗ್ರಿ ಆಡುತ್ತದೆ, ನೀಲಿ 2, ಕೆಂಪು ಸ್ವಲ್ಪವೂ ಆಡುವುದಿಲ್ಲ. ಲುಕ್ ಕಂಪನಿಯ ಕಿಯೊ ಕ್ಲೀಟಿನಲ್ಲಿ ಲೆಕ್ಕ ಬೇರೆ: ಕೆಂಪು 9, ಬೂದು 4.5, ಕಪ್ಪು ಸೊನ್ನೆ. ಮಂಡಿ ನೋಯುತ್ತಿದ್ದರೆ ಆಡದ ಕ್ಲೀಟಿನ ಸಹವಾಸವೇ ಬೇಡ.

ಎದುರಿನಿಂದ ವಿಡಿಯೊ

ಎರಡೂ ಮಂಡಿಚಿಪ್ಪಿನ ಕೆಳಗಿನ ಗಂಟಿಗೆ ಒಂದೊಂದು ಬಿಂದಿ ಅಂಟಿಸಿ. ಟ್ರೇನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡು) ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಖಾಲಿ ರಸ್ತೆಯಲ್ಲಿ ಫೋನ್ ಹಿಡಿದವರ ಕಡೆಗೆ ನಿಧಾನವಾಗಿ ತುಳಿದು ಬನ್ನಿ. ಬಿಂದಿ ಹೆಚ್ಚು ಕಡಿಮೆ ನೇರವಾಗಿ ಮೇಲೆ ಕೆಳಗೆ ಹೋಗಬೇಕು. ಸಣ್ಣ ಓರೆ ಎಲ್ಲರಿಗೂ ಇರುತ್ತದೆ.

ಎರಡೂ ಮಂಡಿ ಹೊರಕ್ಕೆ ಚಾಚಿದ್ದರೆ ಮೊದಲ ಅನುಮಾನ ತಗ್ಗು ಸೀಟಿನ ಮೇಲೆ. ಅದು ಸರಿಯಿದ್ದೂ ಹಾಗೇ ಆದರೆ ಪೆಡಲ್‌ಗಳ ನಡುವಿನ ಅಗಲ ನಿಮಗೆ ಸಾಲದು. ಪೆಡಲ್ ಮತ್ತು ಕ್ರ್ಯಾಂಕ್ ನಡುವೆ ಒಂದು ವಾಷರ್ ಹಾಕಿ ನೋಡಿ, ಅಥವಾ ಕ್ಲೀಟನ್ನು ಶೂವಿನ ಒಳಬದಿಗೆ ಸರಿಸಿ. ಆಗ ಪಾದ ಕ್ರ್ಯಾಂಕಿನಿಂದ ದೂರ ಹೋಗುತ್ತದೆ. ಮಂಡಿ ಒಳಕ್ಕೆ ವಾಲಿ ಫ್ರೇಮಿಗೆ ತಾಗುವಂತಾದರೆ ಚಪ್ಪಟೆ ಪಾದ ಕಾರಣ ಇರಬಹುದು, ಶೂ ಒಳಗೆ ಕಮಾನಿಗೆ ಆಸರೆ ಕೊಡುವ ಇನ್‌ಸೋಲ್ ಸಹಾಯ ಮಾಡುತ್ತದೆ. ಸೊಂಟದ ಸ್ನಾಯುಗಳಲ್ಲಿ ಬಲ ಇಲ್ಲದಿದ್ದರೂ ಹೀಗಾಗುತ್ತದೆ, ಅದಕ್ಕೆ ಸ್ಪ್ಯಾನರಿನಲ್ಲಿ ಮದ್ದಿಲ್ಲ, ವ್ಯಾಯಾಮವೇ ಬೇಕು. ಒಂದೇ ಮಂಡಿ ಮಾತ್ರ ಬೇರೆ ತರ ಹೋಗುತ್ತಿದ್ದರೆ ಮೊದಲು ಆ ಕಡೆಯ ಪೆಡಲ್ ನೋಡಿ. ಅದು ಸರಿಯಿದ್ದರೆ ಎರಡೂ ಕಾಲಿನ ಉದ್ದ ಒಂದೇ ಇದೆಯಾ ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ.

ಹಿಂದಿನಿಂದಲೂ ಒಂದು ವಿಡಿಯೊ ಮಾಡಿಸಿ. ಸೊಂಟ ಎಡಕ್ಕೆ ಬಲಕ್ಕೆ ತೂಗಾಡುತ್ತಿದ್ದರೆ ಸೀಟು ಎತ್ತರ ಜಾಸ್ತಿಯಾಗಿದೆ.

ಕ್ರ್ಯಾಂಕಿನ ಉದ್ದ

ಕುಳ್ಳಗಿರುವವರು ಇದನ್ನು ಓದಲೇಬೇಕು. ಕ್ರ್ಯಾಂಕಿನ ಒಳಬದಿಯಲ್ಲಿ 165, 170, 175 ಅಂತ ಮಿ.ಮೀ. ಲೆಕ್ಕ ಬರೆದಿರುತ್ತದೆ. ಕ್ರ್ಯಾಂಕ್ ಉದ್ದವಾದಷ್ಟೂ ಪೆಡಲ್ ಮೇಲೆ ಬಂದಾಗ ಮಂಡಿ ಹೆಚ್ಚು ಮಡಚುತ್ತದೆ. ಐದು ಅಡಿ ಎತ್ತರದವರಿಗೆ 175 ಕ್ರ್ಯಾಂಕ್ ಕೊಟ್ಟರೆ ಕೆಳಗೆ ಕೋನ ಸರಿಯಿದ್ದರೂ ಮೇಲೆ ಮಂಡಿ ಹಿಂಡಿದಂತಾಗುತ್ತದೆ. ಎಲ್ಲ ಸರಿ ಮಾಡಿದ ಮೇಲೂ ಮುಂಭಾಗದ ನೋವು ಉಳಿದರೆ 165 ಅಥವಾ ಇನ್ನೂ ಗಿಡ್ಡ ಕ್ರ್ಯಾಂಕ್ ಹಾಕಿಸಿ. ಎಷ್ಟು ಗಿಡ್ಡ ಮಾಡಿದಿರೋ ಅಷ್ಟೇ ಸೀಟು ಏರಿಸಲು ಮರೆಯಬೇಡಿ.

ಗೇರ್

ಅಳತೆ ಎಷ್ಟೇ ಸರಿಯಿದ್ದರೂ ಭಾರದ ಗೇರಿನಲ್ಲಿ ಒತ್ತಿದರೆ ಮಂಡಿ ನೋಯುತ್ತದೆ. 15 ಸೆಕೆಂಡಿನಲ್ಲಿ ಬಲ ಮಂಡಿ ಎಷ್ಟು ಸಲ ಮೇಲೆ ಬಂತು ಎಣಿಸಿ, ನಾಲ್ಕರಿಂದ ಗುಣಿಸಿ. 80ರಿಂದ 90 ಇದ್ದರೆ ಒಳ್ಳೆಯದು. 60ಕ್ಕಿಂತ ಕಡಿಮೆ ಬಂದರೆ ಗೇರ್ ಹಗುರ ಮಾಡಿ. ಬೆಂಗಳೂರಿನವರು ವಾರದ ಕೊನೆಯಲ್ಲಿ ನಂದಿಬೆಟ್ಟಕ್ಕೆ ಹೋಗಿ ಬಂದು ಸೋಮವಾರ ಮಂಡಿ ಹಿಡಿದುಕೊಳ್ಳುವುದು ಹೆಚ್ಚಾಗಿ ಇದರಿಂದಲೇ. 1,478 ಮೀಟರ್ ಎತ್ತರದ ಆ ಬೆಟ್ಟದ ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಏರಿನ ನಡುವೆ ಒದ್ದಾಡುತ್ತಾ ಗೇರ್ ಬದಲಿಸುವುದು ಬೇಡ. ಗೇರಿಲ್ಲದ ಸೈಕಲ್ ಆದರೆ ಹಿಂದಿನ ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಗಾಲಿ) 18 ಹಲ್ಲಿನದಿದ್ದರೆ 20 ಅಥವಾ 22 ಹಲ್ಲಿನದು ಹಾಕಿಸಿ, ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಏರಿನಲ್ಲಿ ಮಂಡಿ ಉಳಿಯುತ್ತದೆ.

ಯಾವಾಗ ಡಾಕ್ಟರ್ ಹತ್ತಿರ?

ಮಂಡಿ ಊದಿಕೊಂಡರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಂಡಂತಾದರೆ, ನಡೆಯುವಾಗ ಕೈಕೊಟ್ಟಂತೆ ಕುಸಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಸೀಟು ಬೋಲ್ಟು ಅಂತ ದಿನ ಕಳೆಯಬೇಡಿ. ಮೂಳೆ ಡಾಕ್ಟರಿಗೆ ತೋರಿಸಿ. ಮೊದಲೇ ಮಂಡಿ ಸವೆತ ಇರುವವರು, ಆಪರೇಷನ್ ಆದವರು ಅವರನ್ನು ಕೇಳಿಯೇ ಶುರು ಮಾಡಿ.

ಬದಲಾವಣೆ ಮಾಡುವ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ. ಸೀಟು ಏರಿಸಿ, ಹಿಂದಕ್ಕೆ ಸರಿಸಿ, ಕ್ಲೀಟನ್ನೂ ತಿರುಗಿಸಿದರೆ ಯಾವುದರಿಂದ ನೋವು ಹೋಯಿತು, ಯಾವುದರಿಂದ ಬಂತು ಅಂತ ತಿಳಿಯುವುದೇ ಇಲ್ಲ. ಆ ವಾರ ದೂರದ ಸವಾರಿಯೂ ಬೇಡ, ಗೊತ್ತಿರುವ ಸಮತಟ್ಟು ರಸ್ತೆಯಲ್ಲಿ ಅರ್ಧ ಗಂಟೆ ಸಾಕು. ನೋವು ಅದೇ ಜಾಗದಲ್ಲಿದೆಯಾ, ಕಡಿಮೆಯಾಯಿತಾ, ಮುಂದಿನದು ಹೋಗಿ ಹಿಂದೆ ಬಂತಾ ಅಂತ ಬರೆದಿಡಿ. ಮುಂದಿನಿಂದ ಹಿಂದಕ್ಕೆ ಹೋಗಿದ್ದರೆ ಅಳತೆ ಮೀರಿದೆ, ಅರ್ಧದಷ್ಟು ವಾಪಸ್ ಬನ್ನಿ.

ಆರಾಮದ ಅಳತೆ ಸಿಕ್ಕಿದ ದಿನ ಸೀಟ್ ಪೋಸ್ಟ್ ಫ್ರೇಮಿನೊಳಗೆ ಇಳಿಯುವ ಜಾಗಕ್ಕೆ ಇನ್ಸುಲೇಷನ್ ಟೇಪು ಸುತ್ತಿ. ಕ್ರ್ಯಾಂಕಿನ ನಡುವಿನಿಂದ ಸೀಟಿನವರೆಗೆ, ಸೀಟಿನ ಮೂತಿಯಿಂದ ಹ್ಯಾಂಡಲ್‌ವರೆಗೆ ಎಷ್ಟಿದೆ ಅಂತ ಅಳೆದು ಫೋನಿನಲ್ಲಿ ಬರೆದುಕೊಳ್ಳಿ. ಸರ್ವೀಸಿಗೆ ಕೊಟ್ಟಾಗ, ಬಸ್ಸಿನ ಡಿಕ್ಕಿಗೆ ಹಾಕಲು ಸೀಟು ಬಿಚ್ಚಿದಾಗ, ತಮ್ಮನೋ ತಂಗಿಯೋ ಒಂದು ರೌಂಡು ಹೊಡೆದು ಬಂದಾಗ ಸೀಟು ಎಲ್ಲಿತ್ತೋ ಅಲ್ಲಿಗೇ ತಂದಿಡಲು ಇಷ್ಟು ಸಾಕು.